ಓದುಗರ ಪ್ರಶ್ನೆ: ಖೋ-ಖೋ ಹೇಳಿಕೊಡೋದು ಟೈಂ ವೇಸ್ಟಾ?

ಪ್ರಶ್ನೆ: ಮೇಡಂ, ನಾನು ಬಿ.ಎ. ಸೆಕೆಂಡ್ ಇಯರ್. ಕಾಲೇಜಿನ ಎನ್ಎಸ್ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಕಡೆಯಿಂದ ಊರಿನ ಸರ್ಕಾರಿ ಶಾಲೆ ಮಕ್ಕಳಿಗೆ ಸಂಜೆ ಖೋ-ಖೋ ಹೇಳಿಕೊಡ್ತಿದೀನಿ. ಮೊದ್ಲು ಕ್ಲಾಸಲ್ಲಿ ಎದ್ದು ಮಾತಾಡೋಕೂ ಭಯ, ಈಗ ಅದು ಹೋಗಿದೆ. ಆದ್ರೆ ಅಪ್ಪ ಇದೆಲ್ಲ ಟೈಂ ವೇಸ್ಟ್ ಅಂತಾರೆ. ಬಿಟ್ಬಿಡ್ಲಾ?

ಉತ್ತರ: ಖಂಡಿತ ಬಿಡಬೇಡಪ್ಪ. ಎಂಟು ಮಕ್ಕಳು ಒಬ್ರು ಈ ಕಡೆ ಒಬ್ರು ಆ ಕಡೆ ಮುಖ ಮಾಡಿ ಕೂತಿರ್ತಾರೆ, ಬೆನ್ನಿಗೆ ಏಟು ಬಿದ್ದು ಖೋ ಅನ್ನೋ ಮುಂಚೆನೇ ಒಂದು ಮಗು ಎದ್ದುಬಿಡುತ್ತೆ, ಫೌಲ್ ಆಗುತ್ತೆ, ಉಳಿದವ್ರೆಲ್ಲ ಅದ್ರ ಮೇಲೆ ರೇಗ್ತಾರೆ, ಆಗ ನೀನು ಆ ಮಗುನೂ ಅಳದ ಹಾಗೆ ಇವ್ರೂ ಸುಮ್ನಾಗೋ ಹಾಗೆ ಮಾತಾಡ್ಬೇಕಲ್ಲ, ನಿನ್ನ ಭಯ ಹೋಗಿದ್ದು ಅಲ್ಲೇ. ಯಾವ ಕೋಚಿಂಗ್ ಕ್ಲಾಸಲ್ಲೂ ಇದನ್ನ ಕಲಿಸಲ್ಲ. ಹಾಗೇ, ಓಡೋಕೆ ಹಿಂಜರಿಯೋ ಹುಡ್ಗೀರನ್ನ ಮೊದ್ಲು ಆಡಿಸು, ಸಾಮಾನ್ಯವಾಗಿ ಅವ್ರನ್ನೇ ಬರೀ ನೋಡೋಕೆ ಕೂರಿಸಿಬಿಡ್ತಾರೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ಗೆದ್ದ ನಮ್ಮ ಮಹಿಳಾ ಟೀಮಲ್ಲಿ ಟಿ. ನರಸೀಪುರ ತಾಲೂಕಿನ ಕುರುಬೂರಿನ ಚೈತ್ರಾ ಇದ್ರು ಅಂತ ಅವ್ರಿಗೆ ಹೇಳು.

ಅಪ್ಪನ ಚಿಂತೆನೂ ಸುಳ್ಳಲ್ಲ. ಎನ್ಎಸ್ಎಸ್ ಕೇಳೋದು ವರ್ಷಕ್ಕೆ 120 ಗಂಟೆ, ವಾರಕ್ಕೆ ಎರಡು ಮೂರು ಸಂಜೆ ಸಾಕು. ಪರೀಕ್ಷೆ ಟೈಮಲ್ಲಿ ಪಿ.ಟಿ. ಮೇಷ್ಟ್ರಿಗೆ ಹೇಳಿ ರಜ ತಗೋ. ಡಿಗ್ರಿ ಮುಗಿದ್ಮೇಲೆ ಪಿ.ಟಿ. ಮೇಷ್ಟ್ರಾಗೋಕೆ ಎರಡು ವರ್ಷದ ಬಿ.ಪಿ.ಎಡ್. ಮಾಡೋ ದಾರಿನೂ ಇದೆ, ಅಪ್ಪಂಗೆ ಇದನ್ನೂ ತಿಳಿಸು, ಆಮೇಲೆ ಒಂದು ಸಂಜೆ ಗ್ರೌಂಡಿಗೇ ಕರ್ಕೊಂಡು ಹೋಗು.