ಜೂನ್ ಬಂತೆಂದರೆ ನಿದ್ದೆ ಹೋಗುತ್ತಿತ್ತು

(ಹೆಸರು ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಪೂವಯ್ಯ ಅಂತ ಕರೆಯೋಣ. ವಯಸ್ಸು ಅರವತ್ತೈದು. ಮಡಿಕೇರಿ ತಾಲ್ಲೂಕಿನ ಸಣ್ಣ ಕಾಫಿ ಬೆಳೆಗಾರರು. 2018ರ ಆಗಸ್ಟ್‌ನಲ್ಲಿ, ಜೋರು ಮಳೆಯ ಕಕ್ಕಡ ತಿಂಗಳು ಮುಗಿಯುವ ಹೊತ್ತಿಗೆ, ಕೊಡಗಿನ ಬೆಟ್ಟಗಳು ಕುಸಿದವಲ್ಲ, ಆಗ ಇವರ ಮನೆ, ಗದ್ದೆ, ಮುಕ್ಕಾಲು ಪಾಲು ತೋಟ ಎಲ್ಲವೂ ಮಣ್ಣಿನಡಿ ಹೋಯಿತು. ಮನೆಯವರೆಲ್ಲ ಹಿಂದಿನ ದಿನವೇ ನೆಂಟರ ಮನೆಗೆ ಹೋಗಿದ್ದರಿಂದ ಉಳಿದುಕೊಂಡರು. ಈಗ ಸರ್ಕಾರ ಕಟ್ಟಿಸಿಕೊಟ್ಟ ಪುನರ್ವಸತಿ ಬಡಾವಣೆಯಲ್ಲಿದ್ದಾರೆ.

2023ರ ಮೇ ತಿಂಗಳಲ್ಲಿ ಅವರನ್ನು ಸೊಸೆ ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಕರೆದುಕೊಂಡು ಬಂದರು. "ಮೇಡಂ, ಬೇಸಿಗೆಯಲ್ಲಿ ಮಾವ ಚೆನ್ನಾಗೇ ಇರ್ತಾರೆ. ಮಳೆ ಹಿಡೀತು ಅಂದ್ರೆ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ."

ಆ ರಾತ್ರಿಗಳು ಹೇಗಿರುತ್ತವೆ ಅಂತ ಪೂವಯ್ಯನವರನ್ನೇ ಕೇಳಿದೆ. ಬೂಟು ಹಾಕಿಕೊಂಡೇ ಮಲಗುತ್ತಾರೆ. ದಿಂಬಿನ ಪಕ್ಕ ಟಾರ್ಚ್ ಇರಬೇಕು. ಹಳೇ ಮನೆ ಹೆಂಚಿನದು, ಮಳೆ ಜೋರಾದದ್ದು ಕಿವಿಗೇ ತಿಳಿಯುತ್ತಿತ್ತು. ಈಗಿನದು ತಾರಸಿ ಮನೆ, ಒಳಗೆ ಸದ್ದು ಬರೋದಿಲ್ಲ. ಹಾಗಾಗಿ ಎರಚಲು ಹೊಡೆದರೂ ಕಿಟಕಿ ತೆಗೆದಿಟ್ಟು ಕೂರುತ್ತಾರೆ. ಹಸಿ ಮಣ್ಣಿನ ವಾಸನೆ ಬಂದರೆ ಎದೆ ಬಡಿದುಕೊಳ್ಳುತ್ತದೆ. ನಿದ್ದೆಗೆಂದು ಶುರುವಾದ ಬ್ರಾಂದಿ ದಿನಾ ಆಗಿತ್ತು.

ಇದು ಹುಚ್ಚಲ್ಲ, ಹೇಡಿತನವೂ ಅಲ್ಲ. ದೊಡ್ಡ ಆಘಾತ ಕಂಡವರಿಗೆ ಅದೇ ಕಾಲ, ಅದೇ ಸದ್ದು, ಅದೇ ವಾಸನೆ ಮರಳಿದಾಗ ದೇಹ ಮೊದಲಿನಂತೆಯೇ ಎಚ್ಚರವಾಗಿಬಿಡುತ್ತದೆ. ಅದನ್ನು ಮೊದಲು ಹೇಳಿದೆ. ಅವರು ಸುಮ್ನೆ ತಲೆಯಾಡಿಸಿದರು, ಅಷ್ಟೇ.

ಮಾತು ಬಂದದ್ದು ಮುಂದಿನ ಸಲ. "ಐದು ವರ್ಷದಿಂದ ಎಲ್ಲರೂ ಒಂದೇ ಮಾತು ಹೇಳ್ತಾರೆ ಮೇಡಂ, ಜೀವ ಉಳೀತಲ್ಲ ಅಂತ. ಸತ್ತವರಿದ್ದಿದ್ರೆ ತಿಥಿನಾದ್ರೂ ಮಾಡಬಹುದಿತ್ತು. ತೋಟಕ್ಕೆ ಏನು ಮಾಡೋದು?"

ನನಗೆ ಇಡೀ ಪ್ರಕರಣ ಅರ್ಥವಾದದ್ದು ಈ ಮಾತಿನಿಂದ. ಮನುಷ್ಯ ಸತ್ತರೆ ಅಳೋಕೆ ಹನ್ನೊಂದು ದಿನ ಅಂತ ಇದೆ, ಬಂದು ಕೂರುವ ಜನ ಇದ್ದಾರೆ. ಅಜ್ಜ ನೆಟ್ಟ ಕಾಳುಮೆಣಸಿನ ಬಳ್ಳಿ, ಸುಗ್ಗಿ ಹಬ್ಬವಾದ ಪುತ್ತರಿಗೆ ಕದಿರು ಕೊಯ್ಯುತ್ತಿದ್ದ ಗದ್ದೆ ಹೋದರೆ ಅಳೋಕೆ ಯಾವ ದಿನವೂ ಇಲ್ಲ. ಪರಿಹಾರದ ಅರ್ಜಿಯಲ್ಲಿ ಅದು ಎಕರೆ ಲೆಕ್ಕ ಮಾತ್ರ. ಇಂಥವರಿಗೆ "ಹಳೇದು ಮರೆತು ಹೊಸದಾಗಿ ಶುರು ಮಾಡಿ" ಅನ್ನೋದು ಕ್ರೂರ ಅಂತಲೇ ನಾನು ನಂಬುತ್ತೇನೆ.

ಹಾಗಾಗಿ ನಾನು ಕೇಳಿದ ಮೊದಲ ಕೆಲಸ, ಆ ತೋಟವನ್ನು ನನಗೆ ತೋರಿಸಿಕೊಡಿ ಅಂತ. ಕಾಗದದ ಮೇಲೆ. ಗೇಟಿನಿಂದ ಶುರು ಮಾಡಿ ಕಣ, ಕೆರೆ, ಕಿತ್ತಳೆ ಗಿಡ, ಯಾವ ಹಾಲವಾಣದ ಮರಕ್ಕೆ ಯಾವ ಬಳ್ಳಿ ಅಂತ ಬರೆದರು. ಮಾರ್ಚ್‌ನ ಹೂಮಳೆ ಬಿದ್ದು ಎಂಟೊಂಬತ್ತು ದಿನಕ್ಕೆ ಕಾಫಿ ಹೂ ಅರಳಿ ತೋಟವೆಲ್ಲ ಬೆಳ್ಳಗಾಗುತ್ತಿದ್ದದ್ದನ್ನು ಹೇಳುತ್ತಾ ಅತ್ತರು. ಮಗ, ಸೊಸೆ ಎದುರಿಗೇ ಇದ್ದರು. ಯಾರೂ ಸಮಾಧಾನ ಮಾಡಬೇಡಿ ಅಂತ ಮೊದಲೇ ಹೇಳಿಟ್ಟಿದ್ದೆ.

ಜೊತೆಗೆ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರ ಬಳಿ ಕಳಿಸಿದೆ. ನಿದ್ದೆ, ಕುಡಿತ ಎರಡನ್ನೂ ಬರೀ ಮಾತಿನಿಂದ ಸರಿ ಮಾಡ್ತೀನಿ ಅನ್ನಬಾರದು. ದಿನಾ ಕುಡಿಯುವವರು ಒಮ್ಮೆಲೇ ಬಿಟ್ಟರೆ ಅಪಾಯವೂ ಆಗಬಹುದು, ವೈದ್ಯರು ಹೇಳಿದ ಹಾಗೆ ಇಳಿಸಬೇಕು.

ಮಳೆಗಾಲಕ್ಕೆ ಕೊಟ್ಟ ಸಲಹೆ ತೀರಾ ಸರಳ. ಹವಾಮಾನ ಇಲಾಖೆಯ ಮುನ್ಸೂಚನೆ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನೋಡೋದು. ಹಳದಿ, ಕಿತ್ತಳೆ, ಕೆಂಪು, ಯಾವ ಬಣ್ಣಕ್ಕೆ ಏನು ಮಾಡಬೇಕು ಅಂತ ಮನೆಯವರೆಲ್ಲ ಕೂತು ಮೊದಲೇ ಬರೆದಿಡೋದು. ದಾಖಲೆ, ಔಷಧಿ, ಬಟ್ಟೆ ಒಂದು ಚೀಲದಲ್ಲಿ. ಕೆಂಪು ಅಂದ ದಿನ ಮಗ ರಾತ್ರಿ ಎಚ್ಚರ ಇರಬೇಕು, ಅಪ್ಪ ಮಲಗಬೇಕು. ಭಯ ಸುಳ್ಳು ಅಂತ ನಾನು ಹೇಳಲಿಲ್ಲ. ಬೆಟ್ಟ ಕುಸಿದದ್ದು ನಿಜ ತಾನೇ? ಕಾವಲು ಕಾಯುವ ಹೊರೆ ಒಬ್ಬರ ಮೇಲೇ ಬೇಡ ಅಂದೆ. ಬೂಟು ಮಂಚದ ಕೆಳಗೆ ಬಂದದ್ದು ಆಮೇಲೆ.

ಮಗನಿಗೆ ಬೇರೆ ಆಸೆಯಿತ್ತು. ಉಳಿದಿದ್ದ ಒಂದಿಷ್ಟು ಜಾಗ ಮಾರಿ ಅಪ್ಪನನ್ನು ಬೆಂಗಳೂರಿಗೆ ಕರೆದೊಯ್ಯಬೇಕು. ತಪ್ಪೇನಿಲ್ಲ. ಆದರೆ ಮಳೆಗಾಲದ ಭಯದಲ್ಲಿ ಜಾಗ ಮಾರುವ ತೀರ್ಮಾನ ಬೇಡ, ಡಿಸೆಂಬರ್ ದಾಟಲಿ ಅಂದೆ.

ಇನ್ನು ದೇವರ ವಿಷಯ. ಮನೆಯಾಕೆಗೆ ಇದೇ ದೊಡ್ಡ ನೋವು. ಪೂವಯ್ಯ ನೆಲ್ಲಕ್ಕಿಯಲ್ಲಿ, ಅಂದರೆ ಮನೆಯ ನಡುಕೋಣೆಯಲ್ಲಿ, ದೀಪ ಹಚ್ಚೋದು ಬಿಟ್ಟಿದ್ದರು. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗೋದೂ ನಿಂತಿತ್ತು. ಪಕ್ಕದ ಮನೆಯವರು ತಂದುಕೊಟ್ಟ ತೀರ್ಥದ ಬಾಟಲಿ ಅಟ್ಟದ ಮೇಲೆ ಹಾಗೇ ಇತ್ತು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲೇ ಬೆಟ್ಟ ಕುಸಿದು ಅಲ್ಲಿನ ಅರ್ಚಕರೇ ತೀರಿಕೊಂಡ ಮೇಲಂತೂ ಅವರ ಮನಸ್ಸು ಪೂರ್ತಿ ಮುರಿದಿತ್ತು. "ತನ್ನ ಪೂಜೆ ಮಾಡೋರನ್ನೇ ಕಾಪಾಡದ ತಾಯಿ ನನಗೇನು ಮಾಡ್ತಾಳೆ?"

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ, ಉತ್ತರ ಕೊಡೋದು ಆಪ್ತಸಲಹೆಗಾರರ ಕೆಲಸವೂ ಅಲ್ಲ. ಮನೆಯವರಿಗೆ ಹೇಳಿದ್ದು ಇಷ್ಟೇ: ದೀಪ ನೀವು ಹಚ್ಚಿ, ಅವರನ್ನು ಒತ್ತಾಯ ಮಾಡಬೇಡಿ, ಶಾಪ ತಟ್ಟುತ್ತೆ ಅಂತ ಹೆದರಿಸಲೇಬೇಡಿ. ಅವರಿಗೆ ಹೇಳಿದ್ದು: ಸಿಟ್ಟಿದ್ದರೆ ಆ ತಾಯಿಗೇ ಹೇಳಿ, ಬಾಯಿಬಿಟ್ಟು ಬೈಯಿರಿ. ನಂಬಿಕೆ ವಾಪಸ್ ಬಂದ ಮೇಲೇ ಬದುಕು ಶುರು ಮಾಡಬೇಕು ಅಂತೇನಿಲ್ಲ.

ಜನವರಿಯಲ್ಲಿ, ಒಣ ಹವೆಯಲ್ಲಿ, ಹಗಲು ಹೊತ್ತು, ಮಗನ ಜೊತೆ ಹಳೇ ಜಾಗಕ್ಕೆ ಹೋಗಿ ಅರ್ಧ ಗಂಟೆ ಇದ್ದು ಬಂದರು. ಆ ಇಳಿಜಾರಿನಲ್ಲಿ ಮತ್ತೆ ಮನೆ ಕಟ್ಟುವ ಮಾತೇ ಬೇಡ ಅನ್ನೋದು ಮೊದಲೇ ಒಪ್ಪಿಗೆಯಾಗಿತ್ತು. ಬರುವಾಗ ಉಳಿದ ಗಿಡಗಳಿಂದ ಒಂದು ಹಿಡಿ ರೋಬಸ್ಟಾ ಕಾಫಿ ಹಣ್ಣು ತಂದಿದ್ದರು. ಬೀಜ ಬಿಡಿಸಿ, ಬೂದಿ ಸವರಿ ನೆರಳಲ್ಲಿ ಒಣಗಿಸಿ, ಹಿತ್ತಿಲಲ್ಲಿ ಪಾತಿ ಮಾಡಿದರು. ಮೊಳಕೆಗೆ ಒಂದೂವರೆ ತಿಂಗಳು ಬೇಕು. "ಫಸಲಿಗೆ ನಾಲ್ಕು ವರ್ಷ ಮೇಡಂ, ಅಷ್ಟೊತ್ತಿಗೆ ನನಗೆ ಎಪ್ಪತ್ತು" ಅಂದರು. ಬೇಸರದಲ್ಲೇ ಅಂದದ್ದು. ಆದರೂ ನೀರು ಹಾಕೋದು ತಪ್ಪಿಸಲಿಲ್ಲ.

2024ರ ಜುಲೈ 30ರಂದು ಪಕ್ಕದ ವಯನಾಡಿನಲ್ಲಿ ಬೆಟ್ಟ ಕುಸಿದಾಗ ಎಲ್ಲ ಮತ್ತೆ ಮರಳಿತು. ಬೂಟು, ಟಾರ್ಚ್, ಕಿಟಕಿ. ಸೊಸೆ ಗಾಬರಿಯಿಂದ ಫೋನ್ ಮಾಡಿದರು. ಟಿವಿ ಆರಿಸಿ, ಅವರನ್ನು ಒಂಟಿ ಬಿಡಬೇಡಿ, ಬರೆದಿಟ್ಟ ಯೋಜನೆ ಕೈಗೆ ಕೊಡಿ ಅಂದೆ. ಮರುಕಳಿಸೋದು ಸೋಲಲ್ಲ, ಇದನ್ನು ಮನೆಯವರು ತಿಳಿದಿರಲೇಬೇಕು. ಈ ಸಲ ಬ್ರಾಂದಿ ಮುಟ್ಟಲಿಲ್ಲ. ಕೆಲವು ದಿನಕ್ಕೆ ನಿದ್ದೆಯೂ ಹತ್ತಿತು.

ದೀಪ ಇನ್ನೂ ಮನೆಯಾಕೆಯೇ ಹಚ್ಚುತ್ತಾರೆ. ಆ ವರ್ಷದ ಪುತ್ತರಿಗೆ ಮಾತ್ರ ಬಡಾವಣೆಯ ಹುಡುಗರ ಜೊತೆ ಬೇರೆಯವರ ಗದ್ದೆಗೆ ಹೋಗಿ ಕದಿರು ತೆಗೆದು, ಎಲ್ಲರ ಜೊತೆ "ಪೊಲಿ ಪೊಲಿ ದೇವಾ" (ಬೆಳೆ ಹೆಚ್ಚಲಿ ದೇವರೇ) ಅಂದರಂತೆ. ನಾನು ಅದರ ಬಗ್ಗೆ ಜಾಸ್ತಿ ಕೇಳಲಿಲ್ಲ. ಪ್ರತಿ ಮೇ ತಿಂಗಳಲ್ಲಿ, ಮಳೆಗೆ ಮುಂಚೆ, ಒಂದು ಸಲ ಬಂದು ಹೋಗೋದು ಅಂತ ಮಾತಾಗಿದೆ.

ನಿಮ್ಮ ಮನೆಯಲ್ಲೂ ಮಳೆ ಸದ್ದಿಗೆ ಎದ್ದು ಕೂರುವವರಿದ್ದರೆ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.