ಕೈಕೆಲಸ ಕೇಳಿ: ಬೂಷ್ಟು ಹಿಡಿದ ಬುರುಡೆ, ಬಿಸಿ ಪೆನ್ನು

ಪ್ರಶ್ನೆ: ಅಕ್ಕಾ, ಹುತ್ತರಿ ಹೊತ್ತಿಗೆ ಕೊಯ್ದ ಸೋರೆಕಾಯಿಗಳನ್ನು ಒಣಗಲು ಇಟ್ಟಿದ್ದೆ. ಈಗ ಮೈಯೆಲ್ಲ ಕಪ್ಪು ಬೂಷ್ಟು. ಒಂದರ ಮೇಲೆ ಹಾಗೇ ಬರ್ನಿಂಗ್ ಪೆನ್ನಿನಲ್ಲಿ (ಬಿಸಿ ಮೊನೆಯಿಂದ ಸುಟ್ಟು ಗೆರೆ ಎಳೆಯುವ ಕರೆಂಟ್ ಪೆನ್ನು) ಕಾಫಿ ಕೊಂಬೆ ಬಿಡಿಸಲು ಹೋದೆ. ಗೆರೆ ಒಂದು ಕಡೆ ತೆಳು, ಇನ್ನೊಂದು ಕಡೆ ಮಸಿ ಬೊಟ್ಟು. ಪೆನ್ನು ಸರಿಯಿಲ್ವಾ?
– ಓದುಗಿ, ಸೋಮವಾರಪೇಟೆ

ಉತ್ತರ: ಪಾಪ, ಪೆನ್ನನ್ನು ಬೈಯಬೇಡಿ. ಬುರುಡೆಯ, ಅಂದರೆ ಒಣಗಿದ ಸೋರೆಕಾಯಿಯ, ಸಿಪ್ಪೆ ನೋಡಿ. ಬಲಿತ ಸೋರೆಯ ಮೇಲೆ ಮೇಣದಂಥ ತೆಳು ಪೊರೆ ಇರುತ್ತದೆ. ಬೂಷ್ಟು ಬೆಳೆಯುವುದು ಅದರ ಮೇಲೆ. ಅದನ್ನು ತೆಗೆಯದೆ ಸುಟ್ಟರೆ ಗೆರೆ ಹೀಗೇ ಬರುತ್ತದೆ.

ಬೂಷ್ಟು ಕಂಡ ಕೂಡಲೇ ಬಿಸಾಡಬೇಡಿ. ಸೋರೆಕಾಯಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ನೀರೇ. ಅದಷ್ಟೂ ಸಿಪ್ಪೆಯ ಮೂಲಕವೇ ಹೊರಬರಬೇಕಲ್ಲ, ಬೂಷ್ಟು ಬಾರದೆ ಇರುತ್ತದಾ? ಒತ್ತಿದರೆ ಮೆತ್ತಗೆ ಒಳಹೋಗುವ ಕಾಯಿ ಮಾತ್ರ ಗೊಬ್ಬರದ ಗುಂಡಿಗೆ. ಗಟ್ಟಿಯಾಗಿ, ಹಗುರಾಗಿ, ಅಲ್ಲಾಡಿಸಿದಾಗ ಬೀಜ ಗಲಗಲ ಎಂದರೆ ಒಣಗಿದೆ ಎಂದರ್ಥ. ದೊಡ್ಡ ಕಾಯಿಗೆ ತಿಂಗಳುಗಟ್ಟಲೆ ಬೇಕು. ಬೇಗ ಒಣಗಲಿ ಎಂದು ತೂತು ಮಾತ್ರ ಕೊರೆಯಬೇಡಿ, ಕೊಳೆಯುತ್ತದೆ. ನಮ್ಮ ಕಡೆ ಕಾಫಿ ಕಣ ಬಿಸಿಲು ಕಾಯುವ ತಿಂಗಳುಗಳೇ ಇದಕ್ಕೂ ಸರಿ. ಜೂನ್ ಬಂದ ಮೇಲೆ ಒಲೆ ಮೇಲಿನ ಅಟ್ಟವೇ ಗತಿ. ಗ್ಯಾಸ್ ಒಲೆಯವರು ಏನು ಮಾಡಬೇಕೋ, ನೆಂಟರ ಮನೆಯ ಅಟ್ಟ ಹುಡುಕಬೇಕು!

ಒಣಗಿದ ಬುರುಡೆಯನ್ನು ಬೆಚ್ಚಗಿನ ನೀರಿಗೆ ಹಾಕಿ. ತೇಲುತ್ತದೆ, ಅದಕ್ಕೇ ಒದ್ದೆ ಗೋಣಿಚೀಲ ಹೊದಿಸಿ ಅರ್ಧ ಗಂಟೆ ಬಿಡಿ. ಆಮೇಲೆ ಚಾಕುವಿನ ಮೊಂಡು ಬೆನ್ನಿನಿಂದ ಕೆರೆದು, ಪಾತ್ರೆ ಉಜ್ಜುವ ಸ್ಟೀಲ್ ನಾರಿನಿಂದ ತಿಕ್ಕಿ. ಒದ್ದೆಯಿದ್ದಾಗಲೇ ತಿಕ್ಕಬೇಕು. ಒಣ ಬೂಷ್ಟಿನ ಧೂಳು ಎದೆಗೆ ಒಳ್ಳೆಯದಲ್ಲ. ಉಪ್ಪು ಕಾಗದ ಹಾಕುವಾಗಲೂ, ಒಳಗಿನ ತಿರುಳು ಕೆರೆಯುವಾಗಲೂ ಮಾಸ್ಕ್ ಬಿಡಬೇಡಿ. ತೊಳೆದ ಮೇಲೆ ಪೂರ್ತಿ ಆರಿಸಿ. ಬೂಷ್ಟಿನ ಕಂದು ಕಲೆ ಉಳಿದರೆ ಉಳಿಯಲಿ. ನನಗಂತೂ ಆ ಕಲೆಯಿರುವ ಬುರುಡೆಯೇ ಇಷ್ಟ, ಅದರ ಮೇಲೆ ಚಿತ್ರ ಕಡಿಮೆ ಸಾಕು.

ಇನ್ನು ಮಸಿ ಬೊಟ್ಟು. ಅದು ಕೈಯ ವಿಷಯ. ನೀವು ಪೆನ್ನನ್ನು ಊರಿ, ಆಮೇಲೆ ಎಳೆಯುತ್ತಿದ್ದೀರಿ. ಕೈ ಮೊದಲೇ ಚಲಿಸುತ್ತಿರಬೇಕು, ಚಲಿಸುತ್ತಲೇ ಮುಟ್ಟಬೇಕು, ಚಲಿಸುತ್ತಲೇ ಎತ್ತಬೇಕು. ಶಾಖ ಕಡಿಮೆ ಇಟ್ಟು ಎರಡು ಸಲ ಎಳೆದರೂ ಪರವಾಗಿಲ್ಲ. ಮೊನೆಗೆ ಕರಿ ಕಟ್ಟಿದರೆ ಆಗಾಗ ಒರೆಸಿ. ಬುರುಡೆ ಉರುಳುತ್ತದಲ್ಲ, ಬಟ್ಟೆಯ ಸಿಂಬೆ ಸುತ್ತಿ ಅದರ ಮೇಲೆ ಕೂರಿಸಿ. ಸಾಧ್ಯವಾದಷ್ಟೂ ಕೈಯನ್ನಲ್ಲ, ಬುರುಡೆಯನ್ನೇ ತಿರುಗಿಸಿ. ಚಿತ್ರ ಪೆನ್ಸಿಲ್‌ನಲ್ಲೇ ಬರೆದುಕೊಳ್ಳಿ. ಬಣ್ಣ, ವಾರ್ನಿಷ್ ಎಲ್ಲ ಸುಟ್ಟಾದ ಮೇಲೆ. ವಾರ್ನಿಷ್ ಮೇಲೆ ಸುಟ್ಟರೆ ಏಳುವ ಹೊಗೆ ಕೆಟ್ಟದ್ದು. ಕಿಟಕಿ ತೆರೆದೇ ಇರಲಿ, ಮಳೆ ಎರಚಿದರೂ.

ಪ್ರಶ್ನೆ: ಮನೆಯಲ್ಲಿ ಹಳೆಯ ಸೋಲ್ಡರಿಂಗ್ ಐರನ್ ಇದೆ. ಅದೇ ಸಾಕಾಗಲ್ವಾ?
– ಓದುಗ, ಗೋಣಿಕೊಪ್ಪ

ಉತ್ತರ: ಬೆಸುಗೆ ಹಾಕಿದ ಹಳೆಯ ಮೊನೆ ಬೇಡ, ಅದರಲ್ಲಿ ಸೀಸ ಅಂಟಿರಬಹುದು. ಹೊಸ ಮೊನೆ ಹಾಕಿಕೊಂಡರೆ ದಪ್ಪ ಗೆರೆಗೆ ನಡೆಯುತ್ತದೆ. ಎಲೆಯ ನರದಂಥ ಸಣ್ಣ ಕೆಲಸಕ್ಕೆ ಶಾಖ ಹೆಚ್ಚುಕಡಿಮೆ ಮಾಡಬಹುದಾದ, ತಂತಿ ಮೊನೆಯ ಪೆನ್ನೇ ಸುಖ. ಹಾಗಂತ ಕರೆಂಟೇ ಬೇಕೆಂದೇನಿಲ್ಲ. ಛತ್ತೀಸ್‌ಗಢದ ಬಸ್ತರ್‌ನಲ್ಲಿ ತುಮಾ ಎಂಬ ಸೋರೆ ಕಲೆ ಇದೆ. ಅಲ್ಲಿ ಕಬ್ಬಿಣದ ಚಾಕುವನ್ನು ಬೆಂಕಿಯಲ್ಲಿ ಕಾಯಿಸಿ ಗೆರೆ ಎಳೆಯುತ್ತಾರೆ. ಪೆರು ದೇಶದವರು ಉರಿಯುವ ಕೊಳ್ಳಿಯನ್ನು ಊದಿ ಊದಿ ಸೋರೆಗೆ ಕಂದು ಬಣ್ಣ ಬರಿಸುತ್ತಾರೆ. ನಮ್ಮಲ್ಲಿ ಗಾಳಿಮಳೆಗೆ ಕರೆಂಟ್ ಹೋದಾಗ ಇವರೇ ನೆನಪಾಗುವುದು.

ಪ್ರಶ್ನೆ: ಚಿತ್ರ ಬಿಡಿಸಿದ ಬುರುಡೆಯಲ್ಲಿ ಕುಡಿಯುವ ನೀರು ಇಡಬಹುದಾ?
– ಓದುಗಿ, ನಾಪೋಕ್ಲು

ಉತ್ತರ: ವಾರ್ನಿಷ್ ಬಳಿದಿದ್ದರೆ ಬೇಡ. ಸೋರೆಯ ಕಹಿ ವಿಷವೂ ಹೌದು, ಹಾಗಾಗಿ ಕಹಿ ಕಾಯಿಯ ಬುರುಡೆ ಅಂದಕ್ಕಷ್ಟೇ. ಒಣಗಿದ ಹೂವು ಹಾಕಿಡಿ, ಇಲ್ಲವೇ ದೀಪದ ಬಲ್ಬಿಗೆ ಹೊದಿಸಿ. ಮಳೆಗಾಲದಲ್ಲಿ ಮುಚ್ಚಿದ ಬೀರುವಿನೊಳಗೆ ಮಾತ್ರ ಇಡಬೇಡಿ, ಮತ್ತೆ ಬೂಷ್ಟು ಬರುತ್ತದೆ.