ಹಾಲು ಕುಡಿಯುವ ಮಗುವಿಗೆ ಹರ್ಬಲ್ ಟೀ ಯಾಕೆ?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹರ್ಬಲ್ ಟೀ ಬಗ್ಗೆ ಕೇಳುವವರು ಕಡಿಮೆಯಾಗುತ್ತಲೇ ಇಲ್ಲ. ಗ್ಯಾಸ್‌ಗೆ ಟೀ, ನಿದ್ದೆಗೆ ಟೀ, ನೆಗಡಿಗೆ ಟೀ, ಮಲಬದ್ಧತೆಗೆ ಟೀ. ಹುಟ್ಟಿ ಹತ್ತು ದಿನದ ಮಗುವಿನಿಂದ ಹಿಡಿದು ಓಡಾಡುವ ಮಗುವಿನವರೆಗೆ ಎಲ್ಲರಿಗೂ ಅದೇ ಪ್ರಶ್ನೆ. ಆರು ತಿಂಗಳವರೆಗೆ ಎದೆಹಾಲು, ಅದಿಲ್ಲದಿದ್ದರೆ ಫಾರ್ಮುಲಾ ಹಾಲು, ಅಷ್ಟೇ ಅನ್ನುವುದನ್ನು ಇಲ್ಲಿ ಮತ್ತೆ ವಿವರಿಸಲು ಕೂರುವುದಿಲ್ಲ. ಅದು ಗೊತ್ತಿದ್ದೂ ಟೀ ಕೊಡಲು ಹೊರಟವರಿಗೆ ಈ ಉತ್ತರ. ಒಂದು ಪತ್ರವನ್ನು ಪೂರ್ತಿ ತೆಗೆದುಕೊಳ್ಳುತ್ತೇನೆ. ಉಳಿದವಕ್ಕೆ ಬೇಗ ಬೇಗ ಹೇಳಿ ಮುಗಿಸುತ್ತೇನೆ.

ಪ್ರಶ್ನೆ: ಮಗಳಿಗೆ ಐದು ವಾರ. ಸಂಜೆಯಾದರೆ ಸಾಕು, ಎರಡು ಮೂರು ಗಂಟೆ ಒಂದೇ ಸಮನೆ ಅಳುತ್ತಾಳೆ. ಎದೆಹಾಲು ಮಾತ್ರ ಕೊಡುತ್ತಿದ್ದೇನೆ. ಸೋಂಪು, ಕ್ಯಾಮೊಮೈಲ್ ಹೂವು ಇರುವ ಟೀ ಕೊಟ್ಟರೆ ಗ್ಯಾಸ್ ಹೋಗುತ್ತದೆ ಅಂತ ನಮ್ಮ ಅತ್ತೆ ಹೇಳುತ್ತಾರೆ. ಮೊದಲ ವಾರದಿಂದಲೇ ಕೊಡಬಹುದು ಅಂತ ಪ್ಯಾಕೆಟ್ ಮೇಲೂ ಇದೆ. ಇದು ಕೆಲಸ ಮಾಡುತ್ತದೆ ಅಂತ ಸಂಶೋಧನೆ ಕೂಡ ಆಗಿದೆಯಂತೆ. ದಿನಕ್ಕೆ ಎಷ್ಟು ಕೊಡಲಿ?

ಕೊಡಬೇಡಿ. ಒಂದು ಚಮಚವೂ ಬೇಡ.

ಮೊದಲು ಆ ಸಂಶೋಧನೆಯ ವಿಷಯ, ಯಾಕೆಂದರೆ ಅದನ್ನು ಎಲ್ಲರೂ ತೋರಿಸುತ್ತಾರೆ, ಓದಿದವರು ಕಡಿಮೆ. 1993ರಲ್ಲಿ ಇಸ್ರೇಲ್‌ನಲ್ಲಿ ನಡೆದದ್ದು. ವಿಪರೀತ ಅಳುವ, ಎರಡರಿಂದ ಎಂಟು ವಾರದ 68 ಶಿಶುಗಳು. ಕೆಲವರಿಗೆ ಕ್ಯಾಮೊಮೈಲ್, ಸೋಂಪು, ಅತಿಮಧುರ, ಇನ್ನೆರಡು ಗಿಡಮೂಲಿಕೆ ಸೇರಿದ ಟೀ. ಉಳಿದವರಿಗೆ ಮೂಲಿಕೆಯೇ ಇಲ್ಲದ, ಅದೇ ಥರದ ಪಾನೀಯ. ಟೀ ಕುಡಿದ ಗುಂಪಿನಲ್ಲಿ ಶೇಕಡಾ 57 ಮಕ್ಕಳ ವಿಪರೀತ ಅಳು ನಿಂತಿತು, ಇನ್ನೊಂದು ಗುಂಪಿನಲ್ಲಿ ಶೇಕಡಾ 26. ಟೀ ಮಾರುವವರು ಇಲ್ಲಿಗೆ ನಿಲ್ಲಿಸುತ್ತಾರೆ. ಮುಂದೆ ಓದಿ. ಮಗು ಅತ್ತಾಗ ಒಂದು ಸಲಕ್ಕೆ 150 ಮಿಲಿಲೀಟರ್‌ವರೆಗೆ, ದಿನಕ್ಕೆ ಮೂರು ಸಲದವರೆಗೆ ಕೊಡಬಹುದಿತ್ತು. ಅಂದರೆ 450 ಮಿಲಿಲೀಟರ್. ನಾಲ್ಕು ಕೆಜಿ ತೂಗುವ ಮಗು ದಿನವಿಡೀ ಕುಡಿಯುವ ಹಾಲು ಹೆಚ್ಚುಕಡಿಮೆ 600 ಮಿಲಿಲೀಟರ್. ಅದರ ಮುಕ್ಕಾಲು ಭಾಗದಷ್ಟು ಟೀ ಆ ಪುಟ್ಟ ಹೊಟ್ಟೆಗೆ ಹೋದರೆ ಹಾಲಿಗೆ ಜಾಗ ಎಲ್ಲಿದೆ? ಪರೀಕ್ಷೆ ನಡೆದದ್ದು ಒಂದು ವಾರ. ಮನೆಯಲ್ಲಿ ತಿಂಗಳುಗಟ್ಟಲೆ ಕೊಡುತ್ತಾರೆ. ಮೂಲಿಕೆ ಇಲ್ಲದ ಗುಂಪಿನಲ್ಲೂ ನಾಲ್ಕರಲ್ಲಿ ಒಂದು ಮಗು ಸುಮ್ಮನಾಯಿತು ಅನ್ನುವುದನ್ನೂ ಗಮನಿಸಿ. ಈ ವಯಸ್ಸಿನ ಅಳು ತಾನಾಗಿಯೂ ಇಳಿಯುತ್ತದೆ.

ನೂರು ಮಿಲಿಲೀಟರ್ ಎದೆಹಾಲಿನಲ್ಲಿ ಸುಮಾರು 65ರಿಂದ 70 ಕ್ಯಾಲೊರಿ ಇರುತ್ತದೆ. ಸಕ್ಕರೆ ಹಾಕದ ಟೀಯಲ್ಲಿ ಏನೂ ಇಲ್ಲ ಅಂದರೂ ಸರಿ. ಬಾಟಲಿ ಟೀ ಕುಡಿದ ಮಗು ಹೊಟ್ಟೆ ತುಂಬಿತು ಅಂತ ಮಲಗುತ್ತದೆ. 'ನೋಡಿ, ಟೀ ಕೊಟ್ಟ ಮೇಲೆ ಎಷ್ಟು ಚೆನ್ನಾಗಿ ನಿದ್ದೆ ಮಾಡಿತು' ಅಂತ ಮನೆಯವರಿಗೆ ಖುಷಿ. ತೂಕದ ತಕ್ಕಡಿ ಮೇಲೆ ಮಲಗಿಸಿದಾಗ ಬೇರೆ ಕಥೆ. ಹದಿನೈದು ದಿನದ ಹಿಂದಿನ ತೂಕವೇ ಇರುತ್ತದೆ, ತೊಡೆಯ ಚರ್ಮ ಸಡಿಲವಾಗಿರುತ್ತದೆ, ತಾಯಿಯ ಹಾಲೂ ಕಡಿಮೆಯಾಗಿರುತ್ತದೆ. ಮಗು ಚೀಪುವುದು ಕಡಿಮೆಯಾದರೆ ಹಾಲು ಬರುವುದೂ ಕಡಿಮೆಯಾಗುತ್ತದೆ. ಆಮೇಲೆ ನನ್ನ ಹತ್ತಿರ ಬಂದು ಹಾಲು ಸಾಲುತ್ತಿಲ್ಲ ಅನ್ನುತ್ತಾರೆ.

ನೀರಿನಿಂದಲೂ ಅಪಾಯ ಇದೆ. ಐದು ವಾರದ ಮಗುವಿನ ಮೂತ್ರಪಿಂಡ ಹೆಚ್ಚಾದ ನೀರನ್ನು ದೊಡ್ಡವರಷ್ಟು ಬೇಗ ಹೊರಹಾಕಲಾರದು. ನೀರು ಮೈಯಲ್ಲೇ ಉಳಿದು ರಕ್ತದ ಸೋಡಿಯಂ ಇಳಿಯುತ್ತದೆ. ಮಗು ಮಂಕಾಗುತ್ತದೆ, ಮೈ ತಣ್ಣಗಾಗುತ್ತದೆ, ಕೊನೆಗೆ ಫಿಟ್ಸ್ ಬರುತ್ತದೆ. ತೆಳು ಟೀ ಆದರೆ ಪರವಾಗಿಲ್ಲ ಅಲ್ವಾ ಅಂತ ಕೇಳುವವರು ಇದನ್ನು ಯೋಚಿಸಬೇಕು. ಟೀ ತೆಳುವಾದಷ್ಟೂ ನೀವು ಕೊಡುತ್ತಿರುವುದು ಬರೀ ನೀರು.

ಇನ್ನು ಪ್ಯಾಕೆಟ್. ಬಿಡಿಯಾಗಿ ಸಿಗುವ ಕ್ಯಾಮೊಮೈಲನ್ನು ಒಂದು ಸಲ ಬಿಳಿ ಕಾಗದದ ಮೇಲೆ ಸುರಿದು ನೋಡಿ. ಒಣಗಿದ ಹಳದಿ ಮೊಗ್ಗುಗಳ ಜೊತೆ ಪುಡಿಯಾದ ಕಾಂಡ, ಯಾವುದೋ ಎಲೆಯ ಚೂರು, ಸಣ್ಣ ಬೀಜ, ಅಡಿಯಲ್ಲಿ ಬೂದು ಬಣ್ಣದ ಧೂಳು. ಆ ಎಲೆ ಯಾವ ಗಿಡದ್ದು ಅಂತ ನನಗೂ ಹೇಳಲಾಗದು, ಮಾರಿದವರಿಗೂ ಹೇಳಲಾಗದು. ಹೊಲದಲ್ಲಿ ಮೂಲಿಕೆಯ ನಡುವೆ ಬೆಳೆದ ಕಳೆಯೂ ಕಟಾವಿನಲ್ಲಿ ಸೇರಿಬಿಡುತ್ತದೆ. ಕೆಲವು ಕಳೆಗಳಲ್ಲಿ ಪೈರೊಲಿಜಿಡೀನ್ ಅನ್ನುವ, ಲಿವರ್ ಕೆಡಿಸುವ ವಿಷ ಇರುತ್ತದೆ. 2013ರಲ್ಲಿ ಜರ್ಮನಿಯ ಸರ್ಕಾರಿ ಸಂಸ್ಥೆ ಪರೀಕ್ಷಿಸಿದಾಗ ಹರ್ಬಲ್ ಟೀಗಳಲ್ಲಿ, ಮಕ್ಕಳಿಗೆಂದೇ ಮಾರುವ ಸೋಂಪಿನ ಟೀಯಲ್ಲೂ ಇದು ಸಿಕ್ಕಿತು. ಆಮೇಲೆ ಯುರೋಪಿಯನ್ ಒಕ್ಕೂಟ ಇದಕ್ಕೆ ಮಿತಿ ಹಾಕಿತು. 2022ರಿಂದ ಅದು ಜಾರಿಯಲ್ಲಿದೆ. ಶಿಶುಗಳ ಟೀಗೆ ಇನ್ನೂ ಬಿಗಿಯಾದ ಮಿತಿ.

ಕ್ಯಾಮೊಮೈಲ್‌ನಲ್ಲಿ ನನಗೆ ಇನ್ನೂ ಹೆಚ್ಚು ಭಯ ಹುಟ್ಟಿಸುವ ವಿಷಯ ಬೊಟುಲಿಸಂ, ಅಂದರೆ ಒಂದು ಬ್ಯಾಕ್ಟೀರಿಯಾದ ವಿಷದಿಂದ ಸ್ನಾಯುಗಳು ಶಕ್ತಿ ಕಳೆದುಕೊಳ್ಳುವ ಕಾಯಿಲೆ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಬಾರದು ಅನ್ನುವುದು ಈ ಕಾಯಿಲೆಯ ಕಾರಣಕ್ಕೇ. ಅದೇ ಬ್ಯಾಕ್ಟೀರಿಯಾದ ಬೀಜಕಣಗಳು ಮಾರುಕಟ್ಟೆಯ ಕ್ಯಾಮೊಮೈಲ್‌ನಲ್ಲೂ ಇರುವುದನ್ನು ಅರ್ಜೆಂಟೀನಾದ ಸಂಶೋಧಕರು ಕಂಡರು. ದೊಡ್ಡವರ ಕರುಳಲ್ಲಿ ಅವು ಸುಮ್ಮನೆ ಹಾದುಹೋಗುತ್ತವೆ. ಶಿಶುವಿನ ಕರುಳಲ್ಲಿ ಮೊಳೆತು ವಿಷ ಮಾಡಬಲ್ಲವು. ಚೆನ್ನಾಗಿ ಕುದಿಸಿದ್ದೇವೆ ಡಾಕ್ಟ್ರೇ ಅನ್ನಬೇಡಿ. ಕುದಿಯುವ ನೀರಿನ 100 ಡಿಗ್ರಿಗೆ ಆ ಬೀಜಕಣ ಸಾಯುವುದಿಲ್ಲ. ಒತ್ತಡದಲ್ಲಿ 121 ಡಿಗ್ರಿ ಬೇಕು. ಟೀ ಮಾಡುವಾಗ ಅಷ್ಟು ಬಿಸಿ ಯಾರೂ ಮಾಡುವುದಿಲ್ಲ.

ಸೋಂಪು ಪಾಪದ್ದು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಅದರಲ್ಲಿ ಎಸ್ಟ್ರಾಗೋಲ್ ಇದೆ. ಪ್ರಾಣಿಗಳ ಮೇಲಿನ ಪರೀಕ್ಷೆಯಲ್ಲಿ ಲಿವರ್ ಗಡ್ಡೆಗೆ ಕಾರಣವಾದ ವಸ್ತು. ಅಡುಗೆಗೆ ಹಾಕುವ ನಾಲ್ಕು ಕಾಳಿನಿಂದ ಏನೂ ಆಗುವುದಿಲ್ಲ, ಹೆದರಬೇಡಿ. ದಿನಾ ಬಾಟಲಿಗಟ್ಟಲೆ ಕುಡಿಸುವುದು ಬೇರೆ. ಸೋಂಪಿನ ಟೀಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಶಿಫಾರಸು ಮಾಡುವುದಿಲ್ಲ ಅಂತ ಯುರೋಪಿನ ಔಷಧ ಸಂಸ್ಥೆ ಹೇಳುತ್ತದೆ. ಹಾಗಾದರೆ ಪ್ಯಾಕೆಟ್ ಮೇಲೆ 'ಮೊದಲ ವಾರದಿಂದ' ಅಂತ ಯಾಕಿದೆ? ಮಾರಬೇಕಲ್ಲ, ಅದಕ್ಕೆ. ಆರು ತಿಂಗಳು ತುಂಬುವವರೆಗೆ ನೀರು ಕೂಡ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಿರುವಾಗ ಆ ಸಾಲು ಬರೆದವರ ಮೇಲೆ ನನಗೆ ಕೋಪ ಬರುತ್ತದೆ.

ಈಗ ನಿಮ್ಮ ಮಗಳ ಅಳುವಿಗೆ ಬರೋಣ. ಎಲ್ಲ ಮಕ್ಕಳ ಅಳುವೂ ಆರನೇ ವಾರದ ಆಸುಪಾಸಿನಲ್ಲಿ ಏರಿ, ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ. ನೀವು ಏರಿನ ತುದಿಯಲ್ಲಿದ್ದೀರಿ. ಹೊಟ್ಟೆ ಉಬ್ಬಿ ಗಾಳಿ ಹೋಗುವುದು ನಿಜ, ಆದರೆ ಬಾಯಿ ಬಿಟ್ಟು ಗಂಟೆಗಟ್ಟಲೆ ಅತ್ತಾಗ ಮಗು ಗಾಳಿ ನುಂಗುತ್ತದೆ. ಎಷ್ಟೋ ಸಲ ಗ್ಯಾಸ್ ಬರುವುದು ಅಳುವಿನಿಂದ. ಹಾಲು ಕುಡಿದ ಮೇಲೆ ಹೆಗಲ ಮೇಲೆ ನೆಟ್ಟಗೆ ಹಾಕಿಕೊಂಡು ತೇಗು ಬರಿಸಿ. ಸಂಜೆ ದೀಪ, ಗದ್ದಲ ಕಡಿಮೆ ಮಾಡಿ. ಬಟ್ಟೆ ಬಿಚ್ಚಿ ನಿಮ್ಮ ಎದೆಗೆ ಒತ್ತಿ ಮಲಗಿಸಿಕೊಳ್ಳಿ. ಕೇಳಿದಷ್ಟು ಸಲ ಹಾಲು ಕೊಡಿ, ಸಂಜೆ ಅರ್ಧ ಗಂಟೆಗೊಮ್ಮೆ ಕೇಳಿದರೂ ತಪ್ಪಲ್ಲ. ಅತ್ತೆಯವರ ಕಾಳಜಿ ನಿಜವಾದದ್ದು, ಅವರ ಹತ್ತಿರ ಜಗಳ ಬೇಡ. ಸಂಜೆ ಒಂದು ಗಂಟೆ ಮಗುವನ್ನು ಎತ್ತಿಕೊಂಡು ಓಡಾಡಿಸಲು ಅವರನ್ನೇ ಕೇಳಿ. ಆ ಹೊತ್ತಿನಲ್ಲಿ ನೀವು ಸ್ನಾನ ಮಾಡಿ, ಊಟ ಮಾಡಿ, ಕಾಲು ಚಾಚಿ ಮಲಗಿ. ಯಾರೂ ಇಲ್ಲದ ಹೊತ್ತಿನಲ್ಲಿ ಕೈಮೀರಿತು ಅನ್ನಿಸಿದರೆ ಮಗುವನ್ನು ತೊಟ್ಟಿಲಲ್ಲಿ ಬೆನ್ನಮೇಲೆ ಮಲಗಿಸಿ ಐದು ನಿಮಿಷ ಹೊರಗೆ ಬನ್ನಿ. ಅಷ್ಟು ಹೊತ್ತು ಅತ್ತರೆ ಏನೂ ಆಗುವುದಿಲ್ಲ. ಸಿಟ್ಟಿನಲ್ಲಿ ಕುಲುಕಿದರೆ ಮಿದುಳಿಗೆ ಪೆಟ್ಟಾಗುತ್ತದೆ.

ಹಸಿರು ವಾಂತಿ, ಮಲದಲ್ಲಿ ರಕ್ತ, 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಹೆಚ್ಚು ಜ್ವರ, ಹಾಲು ಬೇಡ ಅನ್ನುವುದು, ತೂಕ ಏರದಿರುವುದು, ಇದರಲ್ಲಿ ಒಂದಿದ್ದರೂ ಅದು ಸಂಜೆಯ ಅಳು ಅಲ್ಲ. ಪತ್ರ ಬರೆಯಬೇಡಿ, ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಗಿಡಮೂಲಿಕೆ ಅಂದರೆ ನೈಸರ್ಗಿಕ ಅಲ್ವಾ? ಏನಾಗಿಬಿಡುತ್ತದೆ?

1996ರಲ್ಲಿ ಅಮೆರಿಕದ ವೈದ್ಯರು ಎರಡು ಶಿಶುಗಳ ಬಗ್ಗೆ ವರದಿ ಮಾಡಿದರು. ಪುದೀನ ಅಂದುಕೊಂಡು ಮನೆಯಲ್ಲಿ ಕಾಯಿಸಿ ಕೊಟ್ಟ ಟೀಯಲ್ಲಿ ಪೆನ್ನಿರಾಯಲ್ ಅನ್ನುವ ಅದೇ ಜಾತಿಯ ಗಿಡದ ವಿಷ ಇತ್ತು. ಒಂದು ಮಗು ಲಿವರ್ ಕೆಟ್ಟು ಸತ್ತಿತು. ಚಕ್ರಮೊಗ್ಗಿನ ಕಥೆಯೂ ಹೀಗೇ. ಚೀನಾದ್ದು ಅಡುಗೆಗೆ ಬಳಸುವಂಥದ್ದು, ಜಪಾನಿನದು ನರಗಳಿಗೆ ವಿಷ. ಒಣಗಿಸಿದ ಮೇಲೆ ಎರಡೂ ನೋಡಲು ಒಂದೇ ಥರ. ಪುಡಿ ಮಾಡಿದರಂತೂ ಕಣ್ಣಿಗೆ ಗೊತ್ತೇ ಆಗದು. 2003ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಚಕ್ರಮೊಗ್ಗಿನ ಟೀ ಕುಡಿಯಬೇಡಿ ಅಂತ ಎಚ್ಚರಿಸಿತು. ಅಷ್ಟರಲ್ಲಿ ಸುಮಾರು 40 ಜನ ಕಾಯಿಲೆ ಬಿದ್ದಿದ್ದರು. ಅವರಲ್ಲಿ 15 ಜನ ಶಿಶುಗಳು. ಫಿಟ್ಸ್, ವಾಂತಿ, ಕಣ್ಣುಗುಡ್ಡೆ ಒಂದೇ ಸಮನೆ ಅದುರುವುದು.

ಪ್ರಶ್ನೆ: ಎಂಟು ತಿಂಗಳ ಮಗು. ಟೀಗೆ ಸ್ವಲ್ಪ ಜೇನು ಬೆರೆಸಬಹುದಾ?

ಟೀಯೂ ಬೇಡ, ಜೇನೂ ಬೇಡ.

ಪ್ರಶ್ನೆ: ಭೇದಿಯಾದಾಗ ಮೂಲಿಕೆ ಟೀ ಒಳ್ಳೆಯದಂತೆ?

ಓಆರ್‌ಎಸ್ ಕೊಡಿ, ಹಾಲು ನಿಲ್ಲಿಸಬೇಡಿ. ಭೇದಿಯಲ್ಲಿ ಹೋಗುವ ಉಪ್ಪಿನಂಶ ಟೀಯಲ್ಲಿ ಇಲ್ಲ.

ಪ್ರಶ್ನೆ: ಮೂಲಿಕೆ ಟೀ ಕೊಟ್ಟರೆ ಮಗುವಿನ ದೇಹದ ವಿಷ ಹೊರಗೆ ಹೋಗುತ್ತದೆ ಅಂತ ಒಬ್ಬರು ವೀಡಿಯೊದಲ್ಲಿ ಹೇಳಿದರು. ನಿಜವಾ?

ಸುಳ್ಳು. ಹಾಲು ಕುಡಿಯುವ ಮಗುವಿನ ಮೈಯಲ್ಲಿ ಟೀ ಕೊಟ್ಟು ತೆಗೆಯುವಂಥ ವಿಷ ಯಾವುದೂ ಇಲ್ಲ. ಇಂಥವರು ಮಗುವನ್ನು ಮುಟ್ಟಿ ನೋಡುವುದಿಲ್ಲ, ತೂಕ ನೋಡುವುದಿಲ್ಲ, ಏನಾದರೂ ಆದರೆ ಫೋನ್ ಎತ್ತುವುದಿಲ್ಲ. ಆ ವೀಡಿಯೊವನ್ನು ಇನ್ನೊಬ್ಬ ತಾಯಿಗೆ ಕಳಿಸಬೇಡಿ.

ಪ್ರಶ್ನೆ: ಎದೆಹಾಲು ಹೆಚ್ಚಲಿ ಅಂತ ನಾನೇ ಮೂಲಿಕೆ ಟೀ ಕುಡಿಯುತ್ತಿದ್ದೇನೆ. ಮಗುವಿಗೆ ತೊಂದರೆಯಾ?

ದಿನಕ್ಕೆ ಒಂದು ಕಪ್‌ಗೆ ನಾನು ಗಲಾಟೆ ಮಾಡುವುದಿಲ್ಲ. ಲೀಟರ್‌ಗಟ್ಟಲೆ ಬೇಡ. ದಿನಕ್ಕೆ ಎರಡು ಲೀಟರಿಗೂ ಜಾಸ್ತಿ ಇಂಥ ಮಿಶ್ರಣ ಕುಡಿದ ಇಬ್ಬರು ತಾಯಂದಿರ ನವಜಾತ ಶಿಶುಗಳು ಮಂಕಾಗಿ, ಮೈ ಜೋತುಬಿದ್ದು ಆಸ್ಪತ್ರೆ ಸೇರಿದ ವರದಿ 1994ರಲ್ಲಿ ಬಂದಿತ್ತು. ಹಾಲು ಹೆಚ್ಚುವುದು ಮಗು ಹೆಚ್ಚು ಸಲ, ಮೊಲೆಯನ್ನು ಬಾಯಲ್ಲಿ ಸರಿಯಾಗಿ ಹಿಡಿದು ಕುಡಿದಾಗ. ಬಾಯಿ ಹಿಡಿಯುವುದು ಸರಿ ಇದೆಯಾ ಅಂತ ಮೊದಲು ಯಾರಿಗಾದರೂ ತೋರಿಸಿ.

ಪ್ರಶ್ನೆ: ಮಗನಿಗೆ ಎರಡೂವರೆ ವರ್ಷ. ನಾವು ಕುಡಿಯುವಾಗ ಅವನೂ ಕೇಳುತ್ತಾನೆ. ಈಗಲಾದರೂ ಕೊಡಬಹುದಾ?

ಎರಡು ವರ್ಷದವರೆಗೆ ನಾನು ಬೇಡ ಅನ್ನುತ್ತೇನೆ. ಇದು ನನ್ನ ಎಚ್ಚರಿಕೆ, ಕೆಲವು ವೈದ್ಯರು ಇನ್ನೂ ಮೊದಲೇ ಒಪ್ಪುತ್ತಾರೆ. ನಿಮ್ಮ ಮಗನಿಗೆ ಯಾವಾಗಲಾದರೂ ಒಮ್ಮೆ, ಅರ್ಧ ಸಣ್ಣ ಲೋಟ, ತೆಳುವಾಗಿ ಕೊಡಬಹುದು. ಹತ್ತು ಮೂಲಿಕೆ ಸೇರಿದ ಮಿಶ್ರಣ ಬೇಡ, ಒಂದೇ ಮೂಲಿಕೆ ಇರಲಿ, ಅದು ಸೋಂಪು ಆಗದಿರಲಿ. ಅಲರ್ಜಿಯಾದರೆ ಯಾವುದರಿಂದ ಅಂತ ಆಗ ಗೊತ್ತಾಗುತ್ತದೆ. ಅತಿಮಧುರ ಇರುವುದು ಬೇಡ, ಅದು ಬಿಪಿ ಏರಿಸಿ ಪೊಟ್ಯಾಸಿಯಂ ಇಳಿಸುತ್ತದೆ. ಪ್ಯಾಕೆಟ್ ಹಿಂದಿನ ಸಣ್ಣ ಅಕ್ಷರ ಓದಿ. ಹರ್ಬಲ್ ಅಂತ ಬರೆದಿದ್ದರೂ ಒಳಗೆ ಹಸಿರು ಟೀಯೋ ಯೆರ್ಬಾ ಮಾಟೆ ಅನ್ನುವ ದಕ್ಷಿಣ ಅಮೆರಿಕದ ಎಲೆಯೋ ಇದ್ದರೆ ಕೆಫೀನ್ ಇದೆ ಅಂತ ಅರ್ಥ.

ಊಟದ ಜೊತೆ ಕೊಡಬೇಡಿ. ಪುದೀನ, ಕ್ಯಾಮೊಮೈಲ್ ಟೀಗಳೂ ಬೇಳೆ, ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತವೆ. ಈ ವಯಸ್ಸಿನಲ್ಲಿ ರಕ್ತಹೀನತೆ ಮೊದಲೇ ಜಾಸ್ತಿ. ಸಕ್ಕರೆ ಹಾಕಬೇಡಿ, ನೀರಿಗೆ ಹಾಕಿದರೆ ಕರಗುವ ಸಿಹಿ ಟೀ ಪುಡಿಯನ್ನು ಮನೆಗೇ ತರಬೇಡಿ. 1980ರ ದಶಕದಲ್ಲಿ ಜರ್ಮನಿಯಲ್ಲಿ ಇಂಥ ಪುಡಿಯನ್ನು ಬಾಟಲಿಗೆ ಹಾಕಿ ದಿನವಿಡೀ ಚೀಪಲು ಕೊಟ್ಟು ಪುಟ್ಟ ಮಕ್ಕಳ ಮೇಲಿನ ಮುಂದಿನ ಹಲ್ಲುಗಳು ಕೊಳೆತು ಹೋದವು. ಲೋಟದಲ್ಲೇ ಕುಡಿಯಲಿ. ನಿಮ್ಮ ಬಿಸಿ ಕಪ್ಪನ್ನು ಅವನ ಕೈಗೆ ಸಿಗುವಲ್ಲಿ ಇಡಬೇಡಿ. ಮಾಡಿ ಹದಿನೈದು ನಿಮಿಷವಾದ ಟೀ ಕೂಡ ಮಗುವಿನ ಚರ್ಮ ಸುಡಬಲ್ಲದು.

ಪ್ರಶ್ನೆ: ಎರಡು ತಿಂಗಳ ಮಗುವಿಗೆ ಒಂದು ವಾರದಿಂದ ಟೀ ಕೊಟ್ಟುಬಿಟ್ಟಿದ್ದೇನೆ. ಈಗ ಏನು ಮಾಡಲಿ?

ಇವತ್ತೇ ನಿಲ್ಲಿಸಿ. ಇದನ್ನು ನಿಧಾನವಾಗಿ ಬಿಡಿಸಬೇಕಾಗಿಲ್ಲ. ಆ ಹೊತ್ತಿಗೆ ಹಾಲು ಕೊಡಿ. ಮಗು ಚುರುಕಾಗಿದ್ದು, ಚೆನ್ನಾಗಿ ಹಾಲು ಕುಡಿದು, ಮೂತ್ರ ಮಾಡುತ್ತಿದ್ದರೆ ಗಾಬರಿ ಬೇಡ. ಈ ವಾರದೊಳಗೆ ಒಮ್ಮೆ ತೂಕ ನೋಡಿಸಿ. ಮುಂದಿನ ಕೆಲವು ವಾರ ಮಗುವಿನ ಮೇಲೆ ಕಣ್ಣಿರಲಿ, ಬೊಟುಲಿಸಂ ತಡವಾಗಿಯೂ ಕಾಣಿಸಿಕೊಳ್ಳಬಹುದು. ಮಲ ಗಟ್ಟಿಯಾಗಿ ನಿಂತುಹೋಗುವುದು, ಅಳುವಿನ ದನಿ ಕ್ಷೀಣವಾಗುವುದು, ಚೀಪಲು ಶಕ್ತಿ ಸಾಲದಿರುವುದು, ರೆಪ್ಪೆ ಜೋತುಬೀಳುವುದು, ಕುತ್ತಿಗೆ ಮೊದಲಿಗಿಂತ ಜೋತುಬೀಳುವುದು, ಇವು ಅದರ ಲಕ್ಷಣ. ಎದೆಹಾಲು ಕುಡಿಯುವ ಮಗು ಕೆಲವು ದಿನ ಮಲ ಮಾಡದಿರುವುದು ಸಹಜ, ಅದೊಂದಕ್ಕೇ ಹೆದರಬೇಡಿ. ಉಳಿದವುಗಳಲ್ಲಿ ಯಾವುದು ಕಂಡರೂ, ಅಥವಾ ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ, ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಓಡಿ. ಹೋಗುವಾಗ ಟೀ ಪ್ಯಾಕೆಟ್ ಜೊತೆಗಿರಲಿ. ಬಿಡಿ ಸೊಪ್ಪು, ಕಾಳು ಆಗಿದ್ದರೆ ಒಂದು ಹಿಡಿ ಕಟ್ಟಿಕೊಳ್ಳಿ. ದಿನಕ್ಕೆ ಎಷ್ಟು ಸಲ, ಎಷ್ಟು ಕೊಟ್ಟಿರಿ ಅನ್ನುವುದನ್ನು ಮುಚ್ಚಿಡದೆ ಹೇಳಿ. ಬೈಯುತ್ತಾರೆ ಅಂತ ಸುಮ್ನೆ ಇದ್ದರೆ ಡಾಕ್ಟರು ಬೇರೆಲ್ಲೋ ಹುಡುಕುತ್ತಾ ಹೊತ್ತು ಕಳೆಯುತ್ತಾರೆ.